ಎಣ್ಣೆ ವ್ಯಾಪಾರಿ ಕಾಲು ಕೆಳಗಿಟ್ಟ ದಿನ

“ಕಲಿಯುವವನು ಏನು ನೋಡಿ ಗುರುವನ್ನು ಆರಿಸಿಕೊಳ್ಳಬೇಕು?” ಎಂದು ಶಿಷ್ಯ ಕೇಳಿದ. ಅವನ ಬಟ್ಟೆಗಂಟು ಆಗಲೇ ಬಾಗಿಲ ಬಳಿ ಇತ್ತು. ಎರಡು ವರ್ಷದಿಂದ ಅವನು ಉಪದೇಶ ಕೊಡಿ ಎಂದು ಕೇಳಿದಾಗಲೆಲ್ಲ ಗುರುಗಳು “ಇವತ್ತು ಬೇಡ” ಎನ್ನುತ್ತಿದ್ದರು. ಹೊಳೆಯಾಚೆಯ ಮಠದಲ್ಲಾದರೆ ಹೋದ ದಿನವೇ ಕೊಡುತ್ತಾರಂತೆ.

ಗುರುಗಳು ಗಂಟನ್ನು ನೋಡಿದರು. “ಕೂತ್ಕೋ ತಮ್ಮ. ಒಂದು ಕತೆ ಕೇಳಿಕೊಂಡೇ ಹೋಗು” ಎಂದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ನಲವತ್ತು ದಾಟಿದ ಮೇಲೆ ಅವನಿಗೆ ಸಣ್ಣ ವಿಮಾನ ಹಾರಿಸುವ ಹುಚ್ಚು ಹತ್ತಿತು. ಕಣ್ಣು ಮಂಜಾಗುವುದರೊಳಗೆ ಒಮ್ಮೆಯಾದರೂ ಒಬ್ಬನೇ ಮೇಲೆ ಹೋಗಿ ಬರಬೇಕು, ಅಷ್ಟೇ ಅವನ ಆಸೆ.

ಮೊದಲು ಊರಾಚೆಯ ಬಯಲಿನಲ್ಲಿ ಕಲಿಸುತ್ತಿದ್ದ ಒಬ್ಬ ಮುದುಕನ ಹತ್ತಿರ ಹೋದ. ಅಲ್ಲಿದ್ದದ್ದು ಒಂದು ತಗಡಿನ ಶೆಡ್ಡು, ಎರಡು ಸೀಟಿನ ಒಂದು ಹಳೇ ವಿಮಾನ. ಮುದುಕ ರೆಕ್ಕೆಯ ಕೆಳಗಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಹನಿ ನೀರು ಕೂತಿತ್ತು. ಇನ್ನೊಂದು ಲೋಟ ಇಳಿಸಿದ. ಅದರಲ್ಲೂ ನೀರು. “ಇವತ್ತು ಬೇಡ. ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು” ಎಂದ.

“ಒಂದು ಹನಿಗೆ ಇಷ್ಟೊಂದು ರಂಪವೇ ಯಜಮಾನರೇ?”

“ನಿಮ್ಮ ಎಣ್ಣೆಯಲ್ಲಿ ನೀರಿದ್ದರೆ ಗಿರಾಕಿ ವಾಪಸ್ ಬಂದು ಬೈತಾನೆ ಸಾಹುಕಾರರೇ. ಇಲ್ಲಿ ಅವನು ವಾಪಸ್ ಬರೋದೇ ಇಲ್ಲ.”

ಎರಡನೆಯ ದಿನ, ಗಾಳಿಯ ದಿಕ್ಕು ತಿಳಿಯಲು ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಚೀಲ ಗಾಳಿಗೆ ಉಬ್ಬಿ, ರನ್‌ವೇಗೆ ಅಡ್ಡಲಾಗಿ ನೆಟ್ಟಗೆ ನಿಂತಿತ್ತು. ಮುದುಕ ಅದನ್ನು ತೋರಿಸಿ “ಅಡ್ಡಗಾಳಿ, ವಿಮಾನವನ್ನು ಪಕ್ಕಕ್ಕೆ ತಳ್ಳುತ್ತೆ. ಇವತ್ತು ಬೇಡ” ಎಂದ. ಮೂರನೆಯ ದಿನ ಮುದುಕನಿಗೇ ನೆಗಡಿಯಾಗಿ ಕಿವಿ ಕಟ್ಟಿತ್ತು. ಅವತ್ತೂ ಬೇಡ.

“ನಿಮ್ಮ ಮೂಗು ಸರಿಹೋಗುವ ಹೊತ್ತಿಗೆ ನನಗೆ ಅರವತ್ತಾಗಿರುತ್ತದೆ” ಎಂದು ರೇಗಿ ವ್ಯಾಪಾರಿ ಪಟ್ಟಣದ ಶಾಲೆಗೆ ಹೋದ.

ಅಲ್ಲಿ ಸಾಲಾಗಿ ಹೊಸ ವಿಮಾನಗಳು. ಕೂತಲ್ಲಿಗೆ ಕಾಫಿ. ಹೋದ ದಿನವೇ ಮೇಲೆ ಕರೆದೊಯ್ದರು. ಹದಿನೈದನೆಯ ದಿನ ಒಬ್ಬರೇ ಹಾರಿಸಬಹುದು ಎಂದರು. ಹೇಳಿದಂತೆಯೇ ಅವತ್ತು ಬೆಳಿಗ್ಗೆ ವಿಮಾನ ತಯಾರಾಗಿ ನಿಂತಿತ್ತು.

ವ್ಯಾಪಾರಿ ರೆಕ್ಕೆಯ ಮೇಲೆ ಒಂದು ಕಾಲಿಟ್ಟ. ಅಲ್ಲಿಯ ಗಾಳಿಚೀಲದ ಕಂಬದ ಕಡೆ ಕಣ್ಣು ಹೋಯಿತು. ಚೀಲ ಅಡ್ಡಲಾಗಿ ನೆಟ್ಟಗೆ ನಿಂತಿತ್ತು. ಕಲಿಸುವವನ ಕಡೆ ನೋಡಿದ. ಅವನು ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

“ಪೆಟ್ರೋಲ್ ಇಳಿಸಿ ನೋಡಿದಿರಾ?”

“ಅದೆಲ್ಲ ನಮ್ಮೋರು ನೋಡಿರ್ತಾರೆ ಸರ್. ನೀವು ಹತ್ತಿ.”

ಬೇಡ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಆಸೆಪಟ್ಟ ದಿನ ಬಂದು ಮುಂದೆ ನಿಂತಿತ್ತು. ವ್ಯಾಪಾರಿ ಇನ್ನೊಮ್ಮೆ ಚೀಲದ ಕಡೆ ನೋಡಿದ. ಆಮೇಲೆ ಕಾಲು ಕೆಳಗಿಟ್ಟ.

“ಇವತ್ತು ಬೇಡ” ಎಂದ. ಹೇಳಿದವನು ತಾನೇ ಎಂದು ನಂಬಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಮಾರನೆಯ ಬೆಳಿಗ್ಗೆ ಅವನು ತಗಡಿನ ಶೆಡ್ಡಿನ ಮುಂದೆ ನಿಂತಿದ್ದ. ಮುದುಕ ಗಾಜಿನ ಲೋಟವನ್ನು ಅವನ ಕೈಗೆ ಕೊಟ್ಟ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಬಾಗಿಲ ಬಳಿಯ ಗಂಟನ್ನು ನೋಡಿದ. “ಹಾಗಾದರೆ ನಾನು ಹೋಗುವುದು ಬೇಡವೇ?” ಎಂದು ಕೇಳಿದ.

“ಅದನ್ನೂ ನಾನೇ ಹೇಳಬೇಕೇ?” ಎಂದರು ಗುರುಗಳು.