ಓಣಿಯ ಪಾಲು

ಹೊಳೆ ದಂಡೆಯ ಮಠದ ಹಿಂದೆ ಒಂದು ಓಣಿ. ಅದರ ಚಪ್ಪಡಿ ಕಲ್ಲುಗಳು ಕುಸಿದು ಎಷ್ಟೋ ಕಾಲವಾಗಿತ್ತು.

ಆ ಮಳೆಗಾಲದಲ್ಲಿ ಹೆರಿಗೆ ನೋವು ಶುರುವಾದ ಹೆಣ್ಣುಮಗಳೊಬ್ಬಳನ್ನು ಮಂಚದ ಮೇಲೆ ಹೊತ್ತು ತರುವಾಗ, ಹೊತ್ತವರು ಕೆಸರಿನಲ್ಲಿ ಜಾರಿ ಬಿದ್ದರು. ತಾಯಿ ಮಗು ಉಳಿದದ್ದೇ ಹೆಚ್ಚು.

ಮರುದಿನ ಓಣಿಯವರೆಲ್ಲ ಮಠಕ್ಕೆ ಬಂದರು. ಹೊಸದಾಗಿ ಕಲ್ಲು ಹಾಸಬೇಕು ಎನ್ನುವುದಕ್ಕೆ ಎಲ್ಲರ ಒಪ್ಪಿಗೆಯಿತ್ತು. ಯಾರು ಎಷ್ಟು ಕೊಡಬೇಕು ಎನ್ನುವಲ್ಲಿ ಜಗಳ ಹತ್ತಿಕೊಂಡಿತು.

"ಬುದ್ಧಿ, ನೀವೇ ಪಾಲು ಹಾಕಿಕೊಡಿ," ಎಂದರು.

ಗುರು ಅಡವಿಸ್ವಾಮಿಗಳು ಶಿಷ್ಯ ಶಾಂತವೀರನ ಕಡೆ ತಿರುಗಿದರು. "ನೀನು ಹೋಗಿ ಬಾ."

ಶಾಂತವೀರ ಹಗ್ಗ ಹಿಡಿದು ಹೋದ. ಯಾರ ಗೋಡೆ ಓಣಿಗೆ ಎಷ್ಟು ಉದ್ದ ತಾಗಿದೆಯೋ ಅವರಿಗೆ ಅಷ್ಟು ಪಾಲು ಎಂದು ಗೊತ್ತುಮಾಡಿದ. ಜನ ತಲೆದೂಗಿದರು.

ಎಣ್ಣೆ ವ್ಯಾಪಾರಿ ಕೊಟ್ರಪ್ಪ ಮಾತ್ರ ಒಪ್ಪಲಿಲ್ಲ. ಅವನ ಮನೆಯ ಬಾಗಿಲು ಪೇಟೆ ಬೀದಿಗಿತ್ತು. ಓಣಿಗಿದ್ದದ್ದು ಉದ್ದನೆಯ ಹಿಂಗೋಡೆ.

"ಮರಿಸ್ವಾಮಿಗಳೇ, ಈ ಓಣಿಯಲ್ಲಿ ನಾನು ಕಾಲೇ ಇಡೋದಿಲ್ಲ. ನಡೆಯೋರು ಕೊಡಲಿ."

ಶಾಂತವೀರ ಅಲ್ಲಿಂದ ಹಿಂದಿರುಗಿದ. ಮಠಕ್ಕೆ ಬಂದು ಹೇಳಿದ: "ಗುರುಗಳೇ, ಒಬ್ಬನಿಂದ ಎಲ್ಲ ಕೆಟ್ಟಿತು. ಕೊಟ್ರಪ್ಪ ಕೊಡದಿದ್ದರೆ ನಾವೂ ಕೊಡೋದಿಲ್ಲ ಅಂತಿದ್ದಾರೆ."

"ಎಲ್ಲರ ಗೋಡೆಯನ್ನೂ ಅಳೆದೆಯಾ?"

"ಅಳೆದೆ."

ಗುರುಗಳು ಎದ್ದು ಹೊರಟರು. ಶಿಷ್ಯ ಹಿಂದೆಯೇ ನಡೆದ.

ಓಣಿಯ ತುದಿಯಲ್ಲಿ ಒಂದೇ ಕೋಣೆಯ ಮನೆ. ರೊಟ್ಟಿ ಮಾಡಿ ಮಾರುವ ನೀಲವ್ವ ಹೊಸ್ತಿಲ ಬಳಿ ಕೂತಿದ್ದಳು. ಗುರುಗಳಿಗೆ ಕೈಮುಗಿದಳು. ಶಿಷ್ಯನ ಕಡೆ ನೋಡಲಿಲ್ಲ.

"ಯಾಕೆ ತಾಯಿ?"

"ಎಲ್ಲರ ಗೋಡೆಗೂ ಹಗ್ಗ ಹಿಡಿದರು ಬುದ್ಧಿ. ನನ್ನ ಮನೆ ಬಂದಾಗ ಹಗ್ಗ ಸುತ್ತಿಕೊಂಡು ಹೋದರು."

ಶಾಂತವೀರ ಮೆಲ್ಲಗೆ ಹೇಳಿದ: "ಬಡವಿ ಅಂತ ಬಿಟ್ಟೆ."

ಗುರುಗಳು ಎದುರಿನ ಗೋಡೆ ತೋರಿಸಿದರು. "ಇದನ್ನು?"

"ಅದು ನಮ್ಮ ಮಠದ ಹಿಂಗೋಡೆ. ಮಠ ಅಂತ ಬಿಟ್ಟೆ."

ಗುರುಗಳು ಹಗ್ಗ ಇಸಿದುಕೊಂಡರು. ಒಂದು ತುದಿಯನ್ನು ನೀಲವ್ವನ ಕೈಗೆ ಕೊಟ್ಟು, ಎರಡೂ ಗೋಡೆಗಳನ್ನು ತಾವೇ ಅಳೆದರು. ಇಡೀ ಓಣಿಯಲ್ಲಿ ಮಠದ ಗೋಡೆಯೇ ಎಲ್ಲಕ್ಕಿಂತ ಉದ್ದವಾಗಿತ್ತು.

"ನಮ್ಮ ಬೆಳ್ಳಿ ಪಲ್ಲಕ್ಕಿ ಮಾರಿಬಿಡು," ಎಂದರು. "ಮೊದಲು ಮಠದ ಪಾಲು ಬರಲಿ."

"ಗುರುಗಳೇ! ಉತ್ಸವದ ದಿನ ತಾವು ಹೇಗೆ..."

"ನಡೆಯುತ್ತೇನೆ."

ಸುದ್ದಿ ಕೇಳಿ ಕೊಟ್ರಪ್ಪ ಓಡಿ ಬಂದ.

"ಬುದ್ಧಿ, ಮಠದ ಗೋಡೆಗೂ ಈ ಕಡೆ ಬಾಗಿಲಿಲ್ಲ. ನೀವ್ಯಾಕೆ ಕೊಡಬೇಕು?"

"ನಮ್ಮ ಮಾಳಿಗೆ ನೀರು ಎಲ್ಲಿಗೆ ಬೀಳುತ್ತಪ್ಪ?"

"ಓಣಿಗೆ."

"ಅದಕ್ಕೆ ಬಾಗಿಲು ಬೇಕಾಗಲಿಲ್ಲ."

ಕೊಟ್ರಪ್ಪ ತಲೆಯೆತ್ತಿ ತನ್ನ ಮಾಳಿಗೆಯನ್ನು ನೋಡಿದ. ಅಲ್ಲಿಂದ ನೀರು ಸುರಿಯುವ ಕಡೆಯೇ ಚಪ್ಪಡಿಗಳು ಹೆಚ್ಚು ಕುಸಿದಿದ್ದವು. ಅವನು ಮನೆ ಕಡೆ ನಡೆದ.

ಬೆಳಿಗ್ಗೆ ತನ್ನ ಪಾಲು ತಂದು ಗುರುಗಳ ಮುಂದಿಟ್ಟ. ಕಲ್ಲು ಹೇರಲು ಗಾಡಿಯನ್ನೂ ಕಳಿಸಿದ. ಅವನ ಹಿಂದೆ ಉಳಿದವರೂ ಬಂದರು. ಗುರುಗಳು ಕೂತಲ್ಲಿಂದಲೇ ಎಲ್ಲರಿಗೂ ಕೈಯೆತ್ತಿ ಹರಸಿದರು.

ಕೊನೆಗೆ ನೀಲವ್ವ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಗುರುಗಳು ಎದ್ದು ನಿಂತು, ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಮಳೆ ಹಿಂದಾಗುವಷ್ಟರಲ್ಲಿ ಕೆಲಸ ಮುಗಿಯಿತು. ಗುರು ಶಿಷ್ಯರು ನೋಡಲು ಹೋದಾಗ ನೀಲವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಕೊಟ್ರಪ್ಪನ ಗಾಡಿಯವನು ಚಕ್ರದ ಕೆಸರನ್ನು ಹೊಸ ಕಲ್ಲಿನ ಮೇಲೆ ಬೀಳಿಸಿದ್ದಕ್ಕೆ ಅವನನ್ನು ಜೋರಾಗಿ ಬೈಯುತ್ತಿದ್ದಳು. ಗಾಡಿಯವನು ತಗ್ಗಿ ಕೆಸರು ಬಳಿದು ತೆಗೆಯುತ್ತಿದ್ದ.

ಶಾಂತವೀರನಿಗೆ ಗುರುಗಳ ಮೇಲೆ ಅಭಿಮಾನ ಉಕ್ಕಿ ಬಂತು. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತಿತ್ತು.

"ಗುರುಗಳೇ, ಆಕೆಯ ಪಾಲು ಎಷ್ಟು ಮಹಾ! ಅದನ್ನೂ ಮಠವೇ ಕೊಟ್ಟುಬಿಡಬಹುದಿತ್ತಲ್ಲ?"

"ಕೊಡಬಹುದಿತ್ತು," ಎಂದರು ಗುರುಗಳು. "ಆಮೇಲೆ ಆಕೆ ಯಾರ ಓಣಿಯಲ್ಲಿ ನಡೆಯಬೇಕಿತ್ತು?"