ಪೇಟೆಬೀದಿಯ ನಡಿಗೆ

"ಬುದ್ಧಿ, ಉಗ್ರಾಣದ ಬೀಗದ ಕೈಯನ್ನು ನನಗೆ ಕೊಡದೆ ಮೊನ್ನೆ ಬಂದವನಿಗೆ ಕೊಟ್ಟಿರಿ. ಹನ್ನೊಂದು ವರ್ಷ ಈ ಮಠದಲ್ಲಿ ಒಂದು ಕಾಳು ಮುಟ್ಟಿದವನಲ್ಲ ನಾನು. ಹೊರಗೆ ನನಗೆ ಸಾಲವಿದೆ ಎಂದು ಯಾರೋ ತಮ್ಮ ಕಿವಿಗೆ ಹಾಕಿರಬೇಕು. ಸಾಲ ಇದ್ದ ಮಾತ್ರಕ್ಕೆ ಮನುಷ್ಯನನ್ನು ನಂಬಬಾರದೇ?"

ಶಿಷ್ಯ ಚೆಲುವಯ್ಯ ಹೀಗೆ ಕೇಳಿದಾಗ ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಕೂತುಕೋ, ಕೋಪ ಆರಲಿ ಎಂದು ಹೇಳಿ ಕತೆ ತೆಗೆದರು.

ಒಂದು ಕೋಟೆಯಿತ್ತು. ಅದರ ಹಿಂಬದಿಯಲ್ಲಿ ಒಬ್ಬನೇ ನುಸುಳುವಷ್ಟು ಸಣ್ಣ ದಿಡ್ಡಿ ಬಾಗಿಲು. ಹೆಬ್ಬಾಗಿಲು ಮುರಿಯಲು ಆನೆ ಬೇಕು. ದಿಡ್ಡಿಗೆ ಕಾವಲುಗಾರನ ಮನಸ್ಸು ಮುರಿದರೆ ಸಾಕು. ಆದ್ದರಿಂದ ಅದರ ಬೀಗದ ಕೈಯನ್ನು ಯಾರಿಗಾದರೂ ಕೊಡುವ ಮೊದಲು ಅಲ್ಲೊಂದು ಪದ್ಧತಿ ನಡೆಯುತ್ತಿತ್ತು. ಕೋಟೆಯ ಅಧಿಕಾರಿಯಾದ ಕಿಲ್ಲೇದಾರ ಆ ಮನುಷ್ಯನನ್ನು ಸಂತೆಯ ದಿನ, ನಡುಹಗಲಲ್ಲಿ, ಪೇಟೆಬೀದಿಯ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದ. ತಾನು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಮಾತಿಲ್ಲ, ಪ್ರಶ್ನೆಯಿಲ್ಲ.

ಒಬ್ಬ ಸಿಪಾಯಿಯ ಸರದಿ ಬಂತು. ಯುದ್ಧದಲ್ಲಿ ಬೆನ್ನು ತೋರಿಸದ ಗಂಡು. ಆ ಕೆಲಸ ಸಿಕ್ಕರೆ ಹೆಂಡತಿ ಮಕ್ಕಳಿಗೆ ಕೋಟೆಯೊಳಗೊಂದು ಮನೆ. ಎದೆಯುಬ್ಬಿಸಿ ಹೊರಟ. ಬಳೆ ಅಂಗಡಿ ದಾಟಿದ, ಬೆಲ್ಲದ ಮಂಡಿ ದಾಟಿದ. ಮುಂದೆ ಒಬ್ಬ ಜವಳಿ ವರ್ತಕ ಜಗಲಿಯ ಮೇಲೆ ಕೂತಿದ್ದ. ಅವನು ಕರೆಯಲಿಲ್ಲ, ಕೆಮ್ಮಲೂ ಇಲ್ಲ. ಸುಮ್ಮನೆ ನೋಡಿದ. ನಮ್ಮ ಶೂರ ರುಮಾಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬೀದಿಯ ಆಚೆ ಬದಿಗೆ ಸರಿದುಬಿಟ್ಟ! ಕಿಲ್ಲೇದಾರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿರುಗಿದ.

ಸಿಪಾಯಿ ಅವನ ಹಿಂದೆಯೇ ಓಡಿದ. ತಾನು ಕಳ್ಳನಲ್ಲ, ತಂಗಿಯ ಮದುವೆಗೆ ಜವಳಿ ಕಡ ತಂದದ್ದು, ಹದಿನೆಂಟು ವರಹ, ಕೊಡಲಾಗಲಿಲ್ಲ ಎಂದು ಅಲವತ್ತುಕೊಂಡ.

"ಎಷ್ಟು ಎಂದು ನಾನು ಕೇಳಲಿಲ್ಲ" ಎಂದ ಕಿಲ್ಲೇದಾರ. "ಬರೀ ನೋಟಕ್ಕೆ ನೀನು ದಾರಿ ಬಿಟ್ಟೆ. ನಾಳೆ ಶತ್ರು ಆ ವರ್ತಕನನ್ನೇ ದಿಡ್ಡಿಯ ಹತ್ತಿರ ಕಳಿಸಿದರೆ ನೀನು ಏನೇನು ಬಿಟ್ಟೀಯೆ?"

ಸಿಪಾಯಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮೂರು ದಿನ ಹೆಂಡತಿಯ ಮುಖ ನೋಡಲಿಲ್ಲ. ಅವಳಿಗೆ ಸಾಲದ ವಿಷಯವೇ ಗೊತ್ತಿರಲಿಲ್ಲ, ಪಾಪ. ನಾಲ್ಕನೆಯ ದಿನ ಹೇಳಿದ. ಮುಂದಿನ ಸಂತೆಯಲ್ಲಿ ಜವಳಿ ಅಂಗಡಿಯ ಮುಂದೆ ನಿಂತು, ನಾಲ್ಕು ಜನ ಕೇಳುವಂತೆ, ತಾನು ಇಷ್ಟು ಕೊಡಬೇಕು, ಮೂರು ತಿಂಗಳಿಗೊಂದು ವರಹದಂತೆ ತೀರಿಸುತ್ತೇನೆ ಎಂದ. ಜನ ನಕ್ಕರು. ಜನ ಇರುವುದೇ ಅದಕ್ಕೆ, ನಗಲಿ ಬಿಡು. ಅವನು ಮಾತ್ರ ಅವಮಾನದಿಂದ ಮೈಯೆಲ್ಲ ಬೆವರಿ ಮನೆಗೆ ಬಂದ.

ಎರಡು ವರ್ಷದ ಮೇಲೆ ಕಿಲ್ಲೇದಾರ ಅವನನ್ನು ಮತ್ತೆ ನಡೆಸಿದ. ಈ ಸಲ ಎದೆ ಉಬ್ಬಿರಲಿಲ್ಲ. ನಾಚಿಕೆ ಅಷ್ಟು ಬೇಗ ಎಲ್ಲಿಗೆ ಹೋದೀತು? ಆದರೂ ವರ್ತಕನ ಮುಂದೆ ನಿಂತು ಕೈಮುಗಿದು, ಬೀದಿಯ ನಡುವೆಯೇ ಮುಂದಕ್ಕೆ ಹೋದ. ಇನ್ನೂ ಹತ್ತು ವರಹ ಬಾಕಿಯಿತ್ತು. ಬೀಗದ ಕೈ ಅವನಿಗೇ ಸಿಕ್ಕಿತು.

ಚೆಲುವಯ್ಯನ ಮುಖ ಅರಳಿತು. ಹಾಗಾದರೆ ಸಾಲವಿದ್ದರೂ ಅಡ್ಡಿಯಿಲ್ಲ ಎಂದಾಯಿತಲ್ಲ ಬುದ್ಧಿ, ನನಗೂ ಕೊಡಬಹುದಲ್ಲ ಎಂದ.

ಗುರುಗಳು ಮೊದಲ ಬಾರಿಗೆ ಕೈ ನಿಲ್ಲಿಸಿ ಅವನನ್ನು ನೋಡಿದರು.

"ನಿನಗೆ ಸಾಲ ಕೊಟ್ಟ ಗಾಣದ ಮರಿಯಪ್ಪ ನಿನ್ನೆ ಪ್ರಸಾದಕ್ಕೆ ಬಂದಾಗ, ನೀನು ಎಲೆಯ ಮುಂದಿನಿಂದ ಎದ್ದು ಕೊಟ್ಟಿಗೆಯ ಹಿಂದೆ ಹೋಗಿ ಯಾಕಪ್ಪ ನಿಂತಿದ್ದೆ?"