ಪೀಠಕ್ಕೆ ಎಳೆದೊಯ್ದ ಅಂಬಿಗ

“ಗೌರವ ತಾನಾಗಿ ಮನೆ ಬಾಗಿಲಿಗೆ ಬಂದರೆ ಹೊಟ್ಟೆಯಲ್ಲಿ ಯಾಕೆ ಸಂಕಟವಾಗಬೇಕು, ಗುರುಗಳೇ?”

ವಿಶಾಲಾಕ್ಷಿ ಕೋಟು ಕೂಡ ಬಿಚ್ಚದೆ, ಬಾಗಿಲಲ್ಲೇ ನಿಂತು ಇದನ್ನು ಕೇಳಿದಳು. ಬೂಟಿಗೆ ಹತ್ತಿದ ಹಿಮ ಕರಗಿ ಕಾಲೊರಸಿನ ಮೇಲೆ ನೀರಾಗುತ್ತಿತ್ತು.

ಮರುಳಸಿದ್ಧಯ್ಯನವರು ಕೇಳಿದ ತಕ್ಷಣ ಉತ್ತರ ಕೊಡುವ ಪೈಕಿಯಲ್ಲ. ದಾವಣಗೆರೆಯಿಂದ ಕೆನಡಾಕ್ಕೆ ಬಂದು, ಅಲ್ಲಿನ ಬಯಲುಸೀಮೆಯ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಕಲಿಸಿದ್ದಕ್ಕಿಂತ ಕಾಡಿಸಿದ್ದೇ ಹೆಚ್ಚು ಎಂದು ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ಹೇಳುತ್ತಾರೆ. ವಿಶಾಲಾಕ್ಷಿ ಅವರಲ್ಲಿ ಒಬ್ಬಳು. ಈಗ ಆ ಪ್ರಾಂತದ ಶಾಸನಸಭೆಗೆ ಮೊದಲ ಸಲ ಆರಿಸಿ ಬಂದಿದ್ದಾಳೆ. ದೊಡ್ಡ ನಿರ್ಧಾರ ಯಾವುದಿದ್ದರೂ ಇಲ್ಲಿಗೆ ಬಂದು ಒಂದು ಸಲ ಬೈಸಿಕೊಂಡು ಹೋಗುವುದು ಅವಳಿಗೆ ರೂಢಿ.

“ಕೋಟು ತೆಗಿ, ಕೂತುಕೋ,” ಎಂದರು ಮೇಷ್ಟ್ರು. “ನಿಂತುಕೊಂಡು ಹೇಳಿದರೆ ಸಂಕಟವೇನೂ ಕಡಿಮೆಯಾಗುವುದಿಲ್ಲ. ಏನಾಯಿತು, ನೇರವಾಗಿ ಹೇಳು.”

ಅವಳು ಕೂತು ಹೇಳಿದಳು. ನಾಳೆ ಬೆಳಿಗ್ಗೆ ಹೊಸ ಸಭೆ ಸೇರುತ್ತದೆ. ಮೊದಲ ಕೆಲಸವೇ ಸ್ಪೀಕರ್ ಆಯ್ಕೆ. ತನ್ನ ಪಕ್ಷದವರು ತನ್ನನ್ನೇ ಆ ಪೀಠದಲ್ಲಿ ಕೂರಿಸಬೇಕೆಂದಿದ್ದಾರೆ. ಎದುರು ಪಕ್ಷದವರಿಗೂ ಒಪ್ಪಿಗೆ. ಗುಟ್ಟಿನ ಮತದಾನವೇನೋ ಇದೆ, ಆದರೆ ಫಲಿತಾಂಶ ಈಗಲೇ ಎಲ್ಲರಿಗೂ ಗೊತ್ತು. ಆಮೇಲೆ ಎರಡೂ ಪಕ್ಷದ ನಾಯಕರು ಬಂದು ಆಚೆ ಈಚೆ ತೋಳು ಹಿಡಿದು ಪೀಠದವರೆಗೆ ಎಳೆದುಕೊಂಡು ಹೋಗುತ್ತಾರೆ. ತಾನು ಒಲ್ಲೆ ಒಲ್ಲೆ ಎಂದು ಜಗ್ಗಬೇಕು. ಎಲ್ಲರೂ ನಗುತ್ತಾರೆ. ಅದು ಅಲ್ಲಿಯ ಹಳೆಯ ವಾಡಿಕೆ.

“ಹೆಸರು ಕೊಟ್ಟೆಯಾ?”

“ಕೊಡಬೇಕಾಗಿಯೇ ಇಲ್ಲ, ಗುರುಗಳೇ. ಎಲ್ಲ ಸದಸ್ಯರ ಹೆಸರೂ ತಾನಾಗಿ ಸೇರಿರುತ್ತದೆ. ಬೇಡ ಅನ್ನುವವರು ಮಾತ್ರ ಇವತ್ತು ಸಂಜೆ ಆರರೊಳಗೆ ಕಾರ್ಯದರ್ಶಿಗೆ ತಿಳಿಸಬೇಕು. ಫೋನಿನಿಂದ ಎರಡು ಸಾಲು ಬರೆದು ಕಳಿಸಿದರೂ ಆಯಿತು.”

“ನೀನು?”

“ನಾಯಕರು ಬಂದು ಹೇಳಿದಾಗ ನಕ್ಕು ಸುಮ್ಮನಾದೆ.”

ಮೇಷ್ಟ್ರು ಹ್ಞೂಂ ಎಂದರು. ಗೋಡೆಯ ಗಡಿಯಾರದಲ್ಲಿ ಆಗ ನಾಲ್ಕೂವರೆ.

“ನಿಮ್ಮೂರಿನ ಆಸ್ಪತ್ರೆಯ ವಿಷಯ ಏನಾಯಿತು?” ಎಂದು ಕೇಳಿದರು.

ಈ ಪ್ರಶ್ನೆ ಬರಬಾರದು ಎಂದು ವಿಶಾಲಾಕ್ಷಿ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅವಳನ್ನು ಆರಿಸಿದ ಊರಿನಲ್ಲಿ ಒಂದು ಸಣ್ಣ ಆಸ್ಪತ್ರೆ. ಅದರ ತುರ್ತು ಚಿಕಿತ್ಸೆಯ ವಿಭಾಗಕ್ಕೆ ಹೋದ ವರ್ಷದಿಂದ ರಾತ್ರಿ ಹೊತ್ತು ಬೀಗ. ಎದೆನೋವು ಬಂದರೆ ಹಿಮದ ರಸ್ತೆಯಲ್ಲಿ ನೂರು ಕಿಲೋಮೀಟರು ಹೋಗಬೇಕು. ಆಗ್ನೆಸ್ ಎಂಬ ಮುದುಕಿಯ ಗಂಡ ಆ ರಸ್ತೆಯ ಅರ್ಧಕ್ಕೆ, ಕಾರಿನಲ್ಲೇ, ಅವಳ ಪಕ್ಕದಲ್ಲೇ ಹೋಗಿಬಿಟ್ಟ. ಮತ ಕೇಳಲು ಹೋದಾಗ ಆಗ್ನೆಸ್ ವಿಶಾಲಾಕ್ಷಿಯ ಕೈ ಹಿಡಿದುಕೊಂಡು, “ನನಗೆ ಬೇರೇನೂ ಬೇಡ, ಅಲ್ಲಿ ಹೋಗಿ ನನ್ನ ಗಂಡನ ವಿಷಯ ಮಾತಾಡು,” ಎಂದಿದ್ದಳು. ಮಾತಾಡುತ್ತೇನೆ ಎಂದು ವಿಶಾಲಾಕ್ಷಿ ಹೇಳಿ ಬಂದಿದ್ದಳು. ಬಾಯಿಮಾತಿಗೆ ಹೇಳಿದ್ದಲ್ಲ, ಮನಸ್ಸಿಟ್ಟು ಹೇಳಿದ್ದು.

“ಅದನ್ನು ಪೂರ್ತಿ ಮುಚ್ಚುವ ಮಸೂದೆ ಈ ಅಧಿವೇಶನದಲ್ಲೇ ಬರುತ್ತದೆ,” ಎಂದಳು. “ಸ್ಪೀಕರ್ ಆದವರು ಚರ್ಚೆಯಲ್ಲಿ ಮಾತಾಡುವ ಹಾಗಿಲ್ಲ, ನಿಜ. ಆದರೆ ಆ ಪೀಠದಲ್ಲಿ ಕೂತವರ ಮಾತನ್ನು ಮಂತ್ರಿಗಳು ಹೊರಗಡೆಯಾದರೂ ಕೇಳಿಯಾರು ಅಂತ ನನ್ನ ಯೋಚನೆ. ಅಲ್ಲದೆ ನಮ್ಮ ಜನರಲ್ಲಿ ಯಾರೂ ಇದುವರೆಗೆ ಅಲ್ಲಿ ಕೂತಿಲ್ಲ. ಕನ್ನಡ ಸಂಘದವರು ಆಗಲೇ ಶಾಲು, ಹಾರ ತರಿಸಿಟ್ಟಿದ್ದಾರೆ. ಎಲ್ಲರಿಗೂ ಅಷ್ಟು ಸಂತೋಷ. ನನಗೊಬ್ಬಳಿಗೇ ಊಟ ಇಳಿಯುತ್ತಿಲ್ಲ.”

“ಇಳಿಯುವಂಥದ್ದು ಕೊಡುತ್ತೇನೆ ಇರು,” ಎಂದು ಮೇಷ್ಟ್ರು ಅಡುಗೆಮನೆಗೆ ಹೋದರು. ಒಗ್ಗರಣೆ ಮಂಡಕ್ಕಿ ಕಲಸಿಕೊಂಡು ಬಂದು ತಟ್ಟೆಗೆ ಹಾಕಿದರು. ಅವಳು ಸಾಕು ಎಂದಳು. ಇನ್ನಷ್ಟು ಹಾಕಿದರು. ಸಾಕು ಗುರುಗಳೇ ಎಂದು ಕೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೇ ಇನ್ನೊಂದು ಹಿಡಿ ಸುರಿದರು.

“ನೋಡು, ನಮ್ಮ ಕಡೆ ಬೇಡ ಅಂದರೆ ಯಾರೂ ನಂಬುವುದಿಲ್ಲ,” ಎಂದರು. “ಎಲೆಯ ಮೇಲೆ ಮಲಗಿಕೊಂಡು ಬೇಡ ಅಂದರೂ ಹೋಳಿಗೆ ಬಿದ್ದೇ ಬೀಳುತ್ತದೆ. ನಾನು ಈ ದೇಶಕ್ಕೆ ಬಂದಾಗ, ಇಲ್ಲಿಯವರು ಬೇಡ ಅಂದರೆ ಬೇಡ ಅನ್ನುವ ಜನ ಅಂದುಕೊಂಡಿದ್ದೆ. ಇವರಿಗೂ ಒಂದು ಜಾಗದಲ್ಲಿ ಈ ಚಾಳಿ ಇದೆ ಅಂತ ಆಮೇಲೆ ಗೊತ್ತಾಯಿತು. ತಿನ್ನು. ತಿನ್ನುತ್ತಾ ಕೇಳು.”

ವಿಶಾಲಾಕ್ಷಿಗೆ ಕತೆ ಬೇಕಾಗಿರಲಿಲ್ಲ. ಹೌದೋ ಅಲ್ಲವೋ ಒಂದು ಮಾತು ಬೇಕಾಗಿತ್ತು. ಆದರೆ ಮೇಷ್ಟ್ರು ಕತೆಗೆ ಕೂತರೆ ಯಾರು ತಾನೆ ಎಬ್ಬಿಸುತ್ತಾರೆ? ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮೇಷ್ಟ್ರು ಹೇಳಿದರು:

ಒಂದು ಶೀತದ ನಾಡು. ಅಲ್ಲಿ ಒಂದು ನದಿ. ದಡದಲ್ಲಿ ಪಟ್ಟಣ, ನದಿಯ ಮಧ್ಯೆ ಒಂದು ನಡುಗಡ್ಡೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತಿತ್ತು. ಬಿಸಿಲು ಬಂದಾಗ ಒಡೆದು ಉಕ್ಕುತ್ತಿತ್ತು. ಪಟ್ಟಣದವರು ತಮ್ಮ ದಡಕ್ಕೆ ಎತ್ತರದ ಒಡ್ಡು ಹಾಕಿಕೊಳ್ಳಬೇಕೆಂದರು. ಒಡ್ಡು ಎದ್ದರೆ ನೀರು ನಡುಗಡ್ಡೆಗೆ ನುಗ್ಗುತ್ತದೆ. ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ. ಆದ್ದರಿಂದ ನಡುಗಡ್ಡೆಯ ಜನ ತಮ್ಮ ಪೈಕಿ ಒಬ್ಬ ಅಂಬಿಗನನ್ನು ಆರಿಸಿ ನಾಡಿನ ಸಭೆಗೆ ಕಳಿಸಿದರು. ಅವನಿಗೆ ಒಪ್ಪಿಸಿದ ಕೆಲಸ ಒಂದೇ. ಒಡ್ಡಿನ ಮಾತು ಬಂದ ದಿನ ಎದ್ದು ನಿಲ್ಲಬೇಕು. ನಮ್ಮ ಸುತ್ತಲೂ ಒಡ್ಡು ಹಾಕಿ, ಇಲ್ಲವಾದರೆ ಯಾರಿಗೂ ಹಾಕಬೇಡಿ ಎನ್ನಬೇಕು.

ಸಭೆಯಲ್ಲಿ ಎರಡು ಬಣ. ಎದುರುಬದುರು ಕೂರುತ್ತಿದ್ದರು. ನಡುವೆ ಒಂದು ಪೀಠ. ಪೀಠದಲ್ಲಿ ಕೂತವನು ಎಲ್ಲರಿಗೂ ಮಾತಾಡಲು ಅವಕಾಶ ಕೊಡಬೇಕು, ತಾನು ಮಾತ್ರ ಮಾತಾಡಬಾರದು. ಹಿಂದೆ ಅರಸರ ಕಾಲದಲ್ಲಿ ಸಭೆಯ ಮಾತನ್ನು ಅರಸನಿಗೆ ಮುಟ್ಟಿಸುವುದೂ ಅವನದೇ ಕೆಲಸವಾಗಿತ್ತು. ಅರಸನಿಗೆ ಮಾತು ಹಿಡಿಸದಿದ್ದರೆ ತಂದವನ ತಲೆ ಹೋಗುತ್ತಿತ್ತು. ಹಾಗಾಗಿ ಯಾರೂ ಒಪ್ಪುತ್ತಿರಲಿಲ್ಲ. ಹಿಡಿದು ಎಳೆದುಕೊಂಡು ಹೋಗಿ ಕೂರಿಸಬೇಕಾಗುತ್ತಿತ್ತು. ಕೂತವನು ನಿಜವಾಗಿಯೂ ನಡುಗುತ್ತಿದ್ದ. ಮುಂದೆ ಅರಸರು ಹೋದರು, ತಲೆ ಕಡಿಯುವುದೂ ಹೋಯಿತು. ಎಳೆಯುವುದು ಮಾತ್ರ ಉಳಿಯಿತು. ಪೀಠ ಬೇಕೆಂದು ತಿಂಗಳುಗಟ್ಟಲೆ ಮನೆ ಮನೆ ಅಲೆದವನೂ ಆ ದಿನ ಒಲ್ಲೆ ಒಲ್ಲೆ ಎಂದು ಜಗ್ಗುತ್ತಿದ್ದ. ಜಗ್ಗಿದಷ್ಟೂ ನಗು, ಜಗ್ಗಿದಷ್ಟೂ ಮರ್ಯಾದೆ.

ಆ ವರ್ಷ ಪೀಠ ಖಾಲಿಯಾಯಿತು. ಅಂಬಿಗ ಸಂಭಾವಿತ. ಯಾರನ್ನೂ ನೋಯಿಸಿದವನಲ್ಲ. ಅವನೇ ಇರಲಿ ಎಂದು ಎರಡೂ ಬಣದವರು ಅಂದುಕೊಂಡರು. ಅವರಿಗೆ ಕೆಟ್ಟ ಬುದ್ಧಿ ಇತ್ತೆಂದು ನಾನು ಹೇಳುವುದಿಲ್ಲ. ಇತ್ತೋ ಇಲ್ಲವೋ, ನಮಗೆ ಬೇಡ. ಆಯ್ಕೆಯ ಹಿಂದಿನ ಸಂಜೆ ಇಬ್ಬರು ಹಿರಿಯರು ಅಂಬಿಗನ ಮನೆಗೆ ಹೋಗಿ, ಒಲೆಯ ಹತ್ತಿರ ಕೂತು, ವಿಷಯ ತಿಳಿಸಿ, ಆಗಬಹುದೇ ಎಂದು ಕೇಳಿ, ನಾಲ್ಕು ಒಳ್ಳೆಯ ಮಾತಾಡಿ ಬಂದರು. ಅದು ಹಾಗಿರಲಿ.

ಮೇಷ್ಟ್ರು ಚಹಾ ಕುಡಿಯಲು ನಿಂತರು. ವಿಶಾಲಾಕ್ಷಿ ಗಡಿಯಾರ ನೋಡಿದಳು. ಐದು ದಾಟಿತ್ತು. ಕಿಟಕಿಯ ಹೊರಗೆ ಆಗಲೇ ಕತ್ತಲೆ. ಫೋನು ಕೋಟಿನ ಜೇಬಿನಲ್ಲಿತ್ತು, ಕೋಟು ಬಾಗಿಲ ಬಳಿ ತೂಗುತ್ತಿತ್ತು.

“ಮುಂದೆ, ಗುರುಗಳೇ?”

“ಅವಸರ ಬಂತು ನೋಡು,” ಎಂದು ನಕ್ಕು ಮೇಷ್ಟ್ರು ಮುಂದುವರಿಸಿದರು.

ಮರುದಿನ ಸಭೆ ಸೇರಿತು. ಅಂಬಿಗನ ಹೆಸರು ಕೂಗಿದರು. ಎರಡೂ ಬಣದ ನಾಯಕರು ಎದ್ದು ಬಂದು ಅವನ ತೋಳು ಹಿಡಿದರು. ಅವನು ಕಂಬವನ್ನು ತಬ್ಬಿಕೊಂಡ.

“ನನಗೆ ನಿಜವಾಗಿಯೂ ಬೇಡ,” ಎಂದ. “ನನ್ನ ಜನ ಹೇಳಿ ಕಳಿಸಿದ ಮಾತು ನನ್ನ ಬಾಯಲ್ಲಿದೆ. ಪೀಠದಲ್ಲಿ ಕೂತರೆ ನಾನು ಅದನ್ನು ಆಡುವುದು ಹೇಗೆ?”

“ಎಷ್ಟು ಚೆನ್ನಾಗಿ ಒಲ್ಲೆ ಅನ್ನುತ್ತಾನೆ ನೋಡಿ,” ಎಂದ ಒಬ್ಬ ನಾಯಕ. “ನನ್ನ ಜೀವಮಾನದಲ್ಲಿ ಇಂಥದ್ದು ನೋಡಿರಲಿಲ್ಲ.”

ಸಭೆಯೆಲ್ಲ ನಕ್ಕಿತು. ಅಂಬಿಗ ಇನ್ನೂ ಜೋರಾಗಿ ಬೇಡ ಎಂದ. ಇನ್ನೂ ಜೋರಾಗಿ ನಕ್ಕರು. ಅವನಿಗೆ ಅಳು ಬಂತು. ಅಬ್ಬಾ, ಕಣ್ಣೀರು ಕೂಡ ತಂದುಕೊಂಡನಲ್ಲ ಎಂದು ಮೆಚ್ಚಿದರು. ಎಳೆದಾಟದಲ್ಲಿ ಅಂಗಿಯ ತೋಳು ಹರಿಯಿತು. ಅವನು ಮೇಲೆ ನೋಡಿದ. ಅಲ್ಲಿ ಸಭೆ ನೋಡಲು ಬಂದವರ ಅಟ್ಟದ ಮೇಲೆ ನಡುಗಡ್ಡೆಯ ಜನ ಬಂದು ಕೂತಿದ್ದರು. ಇವರಾದರೂ ತನ್ನನ್ನು ಬಲ್ಲರು, ಇವರಾದರೂ ಎದ್ದು ಕೂಗುತ್ತಾರೆ ಎಂದುಕೊಂಡ. ಅವರು ಎದ್ದರು. ಎದ್ದು ಚಪ್ಪಾಳೆ ತಟ್ಟಿದರು. ನಮ್ಮವನು ಪೀಠ ಏರಿದ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ವಿಶಾಲಾಕ್ಷಿಯ ಕೈ ತಟ್ಟೆಯಲ್ಲೇ ನಿಂತಿತು. ಸಂಘದವರು ತರಿಸಿದ ಶಾಲಿನ ಬಣ್ಣ ಯಾವುದೆಂದು ಯಾರೋ ಹೇಳಿದ್ದರು. ಅದು ಈಗ ನೆನಪಿಗೆ ಬಂದು, ಅವಳಿಗೆ ಭಯವಾಯಿತು.

ಒಡ್ಡಿನ ಮಾತು ಬಂತು, ಎಂದು ಮೇಷ್ಟ್ರು ಹೇಳುತ್ತಿದ್ದರು. ಪಟ್ಟಣದವರು ಒಬ್ಬೊಬ್ಬರಾಗಿ ಎದ್ದು ಬೇಕು ಎಂದರು. ನಡುಗಡ್ಡೆಯ ಕಡೆಯಿಂದ ಮಾತಾಡುವವರು ಯಾರಾದರೂ ಇದ್ದೀರಾ ಎಂದು ಪೀಠದಲ್ಲಿದ್ದವನು ಕೇಳಬೇಕಿತ್ತು. ಅಂಬಿಗ ಕೇಳಿದ. ಅವನ ಹಳೆಯ ಜಾಗ ಖಾಲಿಯಿತ್ತು. ಯಾರೂ ಏಳಲಿಲ್ಲ. ಅವನು ಪೀಠದಿಂದ ಇಳಿದ. ತನ್ನ ಜಾಗಕ್ಕೆ ಹೋಗಿ ನಿಂತು ಆ ಒಂದು ಮಾತು ಆಡಿಬಿಡೋಣವೆಂದು ನಡೆದ. ಓಹೋ, ಇವನಿಗೆ ಇನ್ನೂ ಆಟ ಮುಗಿದಿಲ್ಲ ಎಂದು ನಾಯಕರಿಬ್ಬರೂ ಎದ್ದು ಬಂದರು. ತೋಳು ಹಿಡಿದು, ನಗುತ್ತಾ, ಪ್ರೀತಿಯಿಂದಲೇ, ತಿರುಗಿ ಪೀಠಕ್ಕೆ ಕೊಂಡುಹೋಗಿ ಕೂರಿಸಿದರು. ಮೇಲಿನವರು ಮತ್ತೆ ಚಪ್ಪಾಳೆ ತಟ್ಟಿದರು. ಮತಕ್ಕೆ ಕೈ ಎತ್ತಿಸಿದರು. ಒಡ್ಡಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಸಿಕ್ಕಿದೆ ಎಂದು ಸಾರುವುದು ಪೀಠದಲ್ಲಿದ್ದವನ ಕೆಲಸ. ಅಂಬಿಗ ಸಾರಿದ.

ಒಡ್ಡು ಎದ್ದಿತು. ಮುಂದಿನ ಬೇಸಿಗೆಗೆ ನದಿ ಒಡೆಯಿತು. ನಡುಗಡ್ಡೆಯಲ್ಲಿ ಒಂದು ಮನೆಯೂ ಉಳಿಯಲಿಲ್ಲ. ಜನ ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿದರು. ಹತ್ತಲಾಗದವರು ನೀರುಪಾಲಾದರು. ಉಳಿದವರು ಪಟ್ಟಣದ ಛತ್ರದಲ್ಲಿ ಕೂತಿದ್ದಾಗ ಅಂಬಿಗ ಅವರ ಎದುರಿಗೆ ಹೋಗಿ ನಿಂತ. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದ. ಅವರು ಬೈಯಲಿಲ್ಲ. ಪಾಪ, ನೀನೇನು ಮಾಡುತ್ತೀಯ, ಪೀಠದಲ್ಲಿ ಕೂತವನು ಮಾತಾಡುವ ಹಾಗಿಲ್ಲವಲ್ಲ ಎಂದರು. ಕೂರಲು ಜಾಗ ಕೊಟ್ಟರು. ಅದನ್ನು ಮಾತ್ರ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಮೇಷ್ಟ್ರು ಲೋಟ ಕೆಳಗಿಟ್ಟರು. ಕತೆ ಮುಗಿಯಿತೆಂದು ಅದರರ್ಥ.

ವಿಶಾಲಾಕ್ಷಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಕತೆ ಹೇಳಿದವರ ಮೇಲೆ, ನಕ್ಕವರ ಮೇಲೆ, ಚಪ್ಪಾಳೆ ತಟ್ಟಿದವರ ಮೇಲೆ. ಆಗ್ನೆಸ್ ಕೂಡ ನಾಳೆ ಟೀವಿಯ ಮುಂದೆ ಕೂತು ಚಪ್ಪಾಳೆ ತಟ್ಟುತ್ತಾಳೆ. ತನ್ನ ಗಂಡನ ವಿಷಯ ಮಾತಾಡಲು ಹೋದವಳು ಎಷ್ಟು ಎತ್ತರಕ್ಕೆ ಏರಿದಳು ಎಂದು ಪಕ್ಕದ ಮನೆಯವರನ್ನೂ ಕರೆದು ತೋರಿಸುತ್ತಾಳೆ. ಮಸೂದೆಯ ದಿನವೂ ಅವಳು ಬೈಯುವುದಿಲ್ಲ. ಅಂಥ ಹೆಂಗಸಲ್ಲ ಅವಳು.

“ಅಂಬಿಗನದೇನು ತಪ್ಪು, ಗುರುಗಳೇ?” ಎಂದಳು. ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. “ಅವನು ಕಂಬ ತಬ್ಬಿಕೊಂಡ. ಅತ್ತ. ಬಾಯಿ ಬಿಟ್ಟು ಬೇಡ ಅಂದ. ಯಾರೂ ನಂಬಲಿಲ್ಲ. ಇದಕ್ಕಿಂತ ಹೆಚ್ಚು ಒಬ್ಬ ಮನುಷ್ಯ ಏನು ತಾನೆ ಮಾಡಬಹುದಿತ್ತು?”

ಮರುಳಸಿದ್ಧಯ್ಯನವರು ಎದ್ದು ಬಾಗಿಲ ಬಳಿಗೆ ಹೋದರು. ತೂಗುತ್ತಿದ್ದ ಅವಳ ಕೋಟನ್ನು ತಂದು ಪಕ್ಕದ ಕುರ್ಚಿಯ ಮೇಲೆ ಇಟ್ಟರು. ಗಡಿಯಾರದಲ್ಲಿ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

“ಹಿಂದಿನ ಸಂಜೆ ಆ ಇಬ್ಬರು ಹಿರಿಯರು ಒಲೆಯ ಹತ್ತಿರ ಕೂತು ಕೇಳಿದಾಗ ಅವನು ಏನೆಂದ ಅಂತ ನೀನು ಕೇಳಲೇ ಇಲ್ಲವಲ್ಲ, ತಾಯಿ.”